ಅಧ್ಯಕ್ಷೆಯ ಕುರ್ಚಿ ಖಾಲಿ ಇದೆ: ಅಮೆರಿಕದ ಕನ್ನಡ ಪದವೀಧರೆಯರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಗೆಳತಿಯರೇ,

ಸೂಟ್‌ಕೇಸಿನ ತಳದಲ್ಲಿ ಮಾರ್ಕ್ಸ್ ಕಾರ್ಡಿನ ಫೈಲ್ ಇಟ್ಟುಕೊಂಡು ಈ ದೇಶಕ್ಕೆ ಬಂದ ಬಿ.ಇ., ಎಂ.ಎಸ್ಸಿ., ಎಂ.ಎ., ಎಂ.ಬಿ.ಬಿ.ಎಸ್. ಓದಿದ ನಿಮಗೆಲ್ಲ ಈ ಪತ್ರ. ನಿಮ್ಮಲ್ಲಿ ಕೆಲವರು ಈಗ ದೊಡ್ಡ ಕಂಪನಿಗಳಲ್ಲಿದ್ದೀರಿ. ಕೆಲವರ ಫೈಲ್ ಇನ್ನೂ ಸೂಟ್‌ಕೇಸಿನಲ್ಲೇ ಇದೆ. ಇಬ್ಬರಿಗೂ ನನ್ನ ಮಾತು ಒಂದೇ. ನಿಮ್ಮ ಊರಿನಲ್ಲಿ ಎಎಯುಡಬ್ಲ್ಯು ಶಾಖೆ ಇದ್ದರೆ ಸೇರಿ. ಸೇರಿ ಸುಮ್ನೆ ಕೂರಬೇಡಿ, ಅದನ್ನು ನಡೆಸಿ.

ಅಮೆರಿಕನ್ ಅಸೋಸಿಯೇಷನ್ ಆಫ್ ಯೂನಿವರ್ಸಿಟಿ ವಿಮೆನ್, ಅಂದರೆ ಪದವಿ ಓದಿದ ಹೆಣ್ಣುಮಕ್ಕಳ ಸಂಘ, ಎಂಬುದು ಅದರ ಪೂರ್ತಿ ಹೆಸರು. ಕ್ಯಾಲಿಫೋರ್ನಿಯಾದ ಒಂದು ಸಾಧಾರಣ ಊರಿನ ಶಾಖೆಗೆ ನಾನು ಖಜಾಂಚಿ. ನಮ್ಮಲ್ಲಿ ಕೆಲಸಕ್ಕೆ ಕಮ್ಮಿ ಇಲ್ಲ, ದುಡ್ಡಿಗೂ ತೀರಾ ಬರ ಇಲ್ಲ. ಬರ ಇರುವುದು ಮುಂದೆ ನಿಲ್ಲುವವರಿಗೆ. ವಸಂತದಲ್ಲಿ ನಾಮನಿರ್ದೇಶನ ಸಮಿತಿಯವರು ಫೋನ್ ಹಿಡಿದು ಕೂರುತ್ತಾರೆ. 'ಮುಂದಿನ ವರ್ಷಕ್ಕೆ ಅಧ್ಯಕ್ಷೆ ಆಗ್ತೀರಾ?' ಅಂತ ಕೇಳಿದರೆ ಒಬ್ಬರಿಗೆ ಮಂಡಿ ಆಪರೇಷನ್, ಇನ್ನೊಬ್ಬರಿಗೆ ಮೊಮ್ಮಗು, ಮತ್ತೊಬ್ಬರು ಆಗಲೇ ಎರಡು ಸಲ ಆಗಿ ಮುಗಿಸಿದವರು. ಯಾರ ನೆಪವೂ ಸುಳ್ಳಲ್ಲ. ಎಪ್ಪತ್ತು ದಾಟಿದವರು ಇನ್ನೆಷ್ಟು ವರ್ಷ ಹೊರಬೇಕು ಹೇಳಿ? ಬೇರೆ ಬೇರೆ ಊರಿನ ಶಾಖೆಗಳವರು ಸೇರಿದಾಗಲೂ ಊಟದ ಹೊತ್ತಿಗೆ ಇದೇ ಮಾತು ಬರುತ್ತದೆ. ಅಧ್ಯಕ್ಷೆ ಸಿಗದೆ ಬಾಗಿಲು ಹಾಕಿದ ಶಾಖೆಗಳೂ ಇವೆ.

ಈ ಸಂಸ್ಥೆ ಹುಟ್ಟಿದ ರೀತಿ ಗೊತ್ತಾದರೆ ನಿಮ್ಮನ್ನೇ ಯಾಕೆ ಕರೆಯುತ್ತಿದ್ದೇನೆ ಅಂತ ತಿಳಿಯುತ್ತದೆ. ಮರಿಯನ್ ಟಾಲ್ಬಟ್ ಎಂಬ ಹುಡುಗಿ 1880ರಲ್ಲಿ ಬೋಸ್ಟನ್ ಯೂನಿವರ್ಸಿಟಿಯಲ್ಲಿ ಪದವಿ ಮುಗಿಸಿದಳು. ಮುಗಿಸಿ ಮನೆಗೆ ಬಂದಳು. ಆಮೇಲೆ? ಮಾಡಲು ಏನೂ ಇಲ್ಲ. ಜೊತೆಯ ಹೆಣ್ಣುಮಕ್ಕಳಿಗೆ ಓದಿನ ಗೋಜೇ ಇರಲಿಲ್ಲ, ಇವಳಿಗೆ ಅವರ ಟೀ ಪಾರ್ಟಿಗಳು ರುಚಿಸಲಿಲ್ಲ. ಮಗಳ ಪಾಡು ನೋಡಿದ ತಾಯಿ ಎಮಿಲಿ ಟಾಲ್ಬಟ್, ಓದಿದ ಹೆಣ್ಣುಮಕ್ಕಳೆಲ್ಲ ಒಂದು ಕಡೆ ಸೇರಿದರೆ ಹೇಗೆ ಅಂದರು. ಎಂಐಟಿಯಲ್ಲಿ ಓದಿದ ಮೊದಲ ಹೆಣ್ಣು, ರಸಾಯನಶಾಸ್ತ್ರಜ್ಞೆ ಎಲೆನ್ ಸ್ವಾಲೋ ರಿಚರ್ಡ್ಸ್ ಕೈಜೋಡಿಸಿದರು. 1881ರ ನವೆಂಬರ್ 28ರಂದು ಬೋಸ್ಟನ್‌ನಲ್ಲಿ, ಎಂಟು ಕಾಲೇಜುಗಳಲ್ಲಿ ಓದಿದ 17 ಜನ ಸೇರಿದರು. ಮುಂದಿನ ಜನವರಿಯಲ್ಲಿ ಸಂಘ ಅಧಿಕೃತವಾಗಿ ಶುರುವಾಯಿತು.

ಪದವಿ ಇದೆ, ಕೆಲಸ ಇಲ್ಲ, ಮನೆಯಲ್ಲಿ ಕೂರಲು ಮನಸ್ಸಿಲ್ಲ. ಗಂಡನ ಕೆಲಸದ ವೀಸಾದ ಜೊತೆ ಸಿಗುವ ಎಚ್4 ವೀಸಾದಲ್ಲಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2015ರ ಮೇ ತನಕ ಎಚ್4ನಲ್ಲಿ ಬಂದ ಹೆಂಡತಿಗೆ ಕೆಲಸದ ಪರವಾನಗಿಯೇ ಇರಲಿಲ್ಲ. ಆಮೇಲೆ ಸಿಕ್ಕಿದ್ದೂ ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದವರಿಗೆ ಮಾತ್ರ. ಸುರತ್ಕಲ್‌ನಲ್ಲೋ ಹುಬ್ಬಳ್ಳಿಯಲ್ಲೋ ಇಂಜಿನಿಯರಿಂಗ್ ಮಾಡಿ, ಬೆಂಗಳೂರಿನಲ್ಲಿ ಟೀಮ್ ನಡೆಸಿ, ಇಲ್ಲಿಗೆ ಬಂದು ಮಧ್ಯಾಹ್ನ ಹನ್ನೆರಡಕ್ಕೆ ಲೈಬ್ರರಿಯ ಮಕ್ಕಳ ಕಥೆ ಕಾರ್ಯಕ್ರಮದಲ್ಲಿ ಕೂತವರನ್ನು ನಾನು ಎಷ್ಟೋ ಜನರನ್ನು ನೋಡಿದ್ದೇನೆ. ಅವರ ಮುಖ ನೋಡಿದಾಗೆಲ್ಲ ನನಗೆ ಮರಿಯನ್ ನೆನಪಾಗುತ್ತಾಳೆ. ಮುಂದೆ ಅವಳು ಶಿಕಾಗೋ ಯೂನಿವರ್ಸಿಟಿಯಲ್ಲಿ ಹೆಣ್ಣುಮಕ್ಕಳ ಡೀನ್ ಆದಳು, ಅದು ಬೇರೆ ಮಾತು.

ಆ ಗುಂಪು ಕೈಗೆತ್ತಿಕೊಂಡ ಮೊದಲ ದೊಡ್ಡ ಕೆಲಸ ನನಗೆ ತುಂಬಾ ಇಷ್ಟ. ಹಾರ್ವರ್ಡ್‌ನ ಎಡ್ವರ್ಡ್ ಕ್ಲಾರ್ಕ್ ಎಂಬ ಡಾಕ್ಟರು 1873ರಲ್ಲಿ ಒಂದು ಪುಸ್ತಕ ಬರೆದಿದ್ದರು. ಹೆಣ್ಣುಮಕ್ಕಳು ಗಂಡುಮಕ್ಕಳ ಹಾಗೆ ಜಾಸ್ತಿ ಓದಿದರೆ ದೇಹದ ಶಕ್ತಿಯೆಲ್ಲ ತಲೆಗೆ ಹೋಗಿ ಗರ್ಭಕೋಶ ಸೊರಗುತ್ತದೆ ಎಂಬುದು ಅವರ ವಾದ. ಜನ ನಂಬಿದರು, ಅಪ್ಪಂದಿರು ಹೆದರಿದರು. ನಮ್ಮ ಈ ಪದವೀಧರೆಯರು ಜಗಳಕ್ಕೆ ಹೋಗಲಿಲ್ಲ. ಪ್ರಶ್ನಾವಳಿ ಮಾಡಿ ಕಾಲೇಜು ಓದಿದ ಹೆಂಗಸರಿಗೆಲ್ಲ ಅಂಚೆಯಲ್ಲಿ ಕಳಿಸಿದರು. ಮುಟ್ಟಿನಿಂದ ಹಿಡಿದು ನಿದ್ದೆ, ಮಕ್ಕಳು, ತಲೆನೋವು ಎಲ್ಲ ಕೇಳಿದರು. ಏಳುನೂರಕ್ಕೂ ಹೆಚ್ಚು ಜನ ಉತ್ತರ ಬರೆದರು. 1885ರಲ್ಲಿ ಲೆಕ್ಕ ಅಚ್ಚಾಯಿತು. ಓದಿದವರ ಆರೋಗ್ಯಕ್ಕೆ ಏನೂ ಕುಂದು ಬಂದಿರಲಿಲ್ಲ. ಡಾಕ್ಟರಿಗೆ ಅಂಕಿಅಂಶದಲ್ಲೇ ಉತ್ತರ ಸಿಕ್ಕಿತು.

ಹಾರ್ವರ್ಡಿನ ಡಾಕ್ಟರನ್ನೇ ಯಾಕೆ ಆಡಿಕೊಳ್ಳಬೇಕು ಬಿಡಿ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1933ರಲ್ಲಿ, ಬಾಂಬೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾಗಿ ಬಂದ ಕಮಲಾ ಭಾಗವತ್‌ಗೆ, ಅಂದರೆ ಮುಂದಿನ ಕಮಲಾ ಸೋಹೋನಿಗೆ, ಹೆಣ್ಣು ಅನ್ನುವ ಕಾರಣಕ್ಕೆ ಸರ್ ಸಿ.ವಿ. ರಾಮನ್ ಸೀಟು ಕೊಡಲೊಪ್ಪಲಿಲ್ಲ. ಆಕೆ ಹಠ ಹಿಡಿದು ಕೂತ ಮೇಲೆ ಒಂದು ವರ್ಷ ಪರೀಕ್ಷೆಯ ಮೇಲೆ ಸೇರಿಸಿಕೊಂಡರು. 1939ರಲ್ಲಿ ಆಕೆ ಕೇಂಬ್ರಿಡ್ಜ್‌ನ ಪಿಎಚ್.ಡಿ. ಆದರು. ನಾವೆಲ್ಲ ಸಿಇಟಿ ರ‍್ಯಾಂಕ್ ನೋಡಿ ಸಲೀಸಾಗಿ ಸೀಟು ತಗೊಂಡವರು. ಆ ಸಲೀಸು ಎಲ್ಲಿಂದ ಬಂತು ಅಂತ ಆಗಾಗ ನೆನೆಸಿಕೊಳ್ಳಬೇಕು.

ಸರಿ, ಶಾಖೆಯಲ್ಲಿ ದಿನನಿತ್ಯ ಏನು ನಡೆಯುತ್ತದೆ? ಹೊರಗಿನವರಿಗೆ ಇದು ಅಜ್ಜಿಯರ ಟೀ ಕ್ಲಬ್ ಥರ ಕಾಣುತ್ತದೆ. ನಿಮ್ಮ ಅಮ್ಮಂದಿರು ಶಿವಮೊಗ್ಗದಲ್ಲೋ ಹಾಸನದಲ್ಲೋ ಮಹಿಳಾ ಸಮಾಜ ನಡೆಸಿದ್ದನ್ನು ನೋಡಿದ್ದರೆ ಥಟ್ಟನೆ ಅರ್ಥವಾಗುತ್ತದೆ. ಹೊರಗಿನವರ ಕಣ್ಣಿಗೆ ಬೀಳುತ್ತಿದ್ದದ್ದು ರಂಗೋಲಿ ಸ್ಪರ್ಧೆ ಮಾತ್ರ. ಒಳಗೆ ಶಿಶುವಿಹಾರ ನಡೆಯುತ್ತಿತ್ತು, ಹೊಲಿಗೆ ಕ್ಲಾಸು ನಡೆಯುತ್ತಿತ್ತು. ಇಲ್ಲೂ ಹಾಗೇ. ಪುಸ್ತಕ ಓದುವ ಗುಂಪು, ಬ್ರಿಡ್ಜ್ ಆಡುವ ಗುಂಪು, ಜೊತೆಗೆ ನಡೆಯುವ ಗುಂಪು ಎಲ್ಲ ಇವೆ. ಅದರ ಅಡಿಯಲ್ಲಿ ಅಸಲಿ ಕೆಲಸ.

ನಮ್ಮ ಶಾಖೆಗೆ ದುಡ್ಡು ಬರುವುದು ಹಳೆಯ ಪುಸ್ತಕ ಮಾರಿ. ಅದೊಂದು ಜಾತ್ರೆ. ತಿಂಗಳುಗಟ್ಟಲೆ ಪೆಟ್ಟಿಗೆಗಳು ಬರುತ್ತವೆ. ತೀರಿಕೊಂಡವರ ಮನೆಯಿಂದ, ಊರು ಬಿಡುವವರ ಮನೆಯಿಂದ. ಶೆಡ್ಡಿನಲ್ಲಿ ಕೂತು ವಿಂಗಡಿಸಬೇಕು. ಬೂಸ್ಟು ಹಿಡಿದದ್ದು ಕಸಕ್ಕೆ, ಅಡುಗೆ ಪುಸ್ತಕ ಒಂದು ಕಡೆ, ಪತ್ತೇದಾರಿ ಒಂದು ಕಡೆ. ಒಳಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬೆಲೆ. ಪೆನ್ನಿನಲ್ಲಿ ಬರೆದರೆ ಎಂಬತ್ತೆರಡು ವರ್ಷದ ನಮ್ಮ ಮಾಜಿ ಅಧ್ಯಕ್ಷೆಯ ಹುಬ್ಬು ಮೇಲೇರುತ್ತದೆ. ಪುಸ್ತಕದ ಒಳಗೆ ಬಸ್ ಟಿಕೆಟ್ಟು, ಹಳೇ ಫೋಟೋ, ಒಮ್ಮೊಮ್ಮೆ ಡಾಲರ್ ನೋಟು ಸಿಗುತ್ತವೆ. ನೋಟು ಶಾಖೆಗೆ ಸೇರಿತು, ಫೋಟೋ ಗೋಡೆಗೆ ಅಂಟಿತು. ಮಾರಾಟದ ಕೊನೆಯ ದಿನ ಮಧ್ಯಾಹ್ನ ಒಂದು ಚೀಲಕ್ಕೆ ಇಷ್ಟು ಅಂತ ಕೂಗಿ ಮಾರುತ್ತೇವೆ. ನಮ್ಮ ಗಾಂಧಿ ಬಜಾರಿನಲ್ಲಿ ಕತ್ತಲಾದ ಮೇಲೆ ಸೊಪ್ಪು ಮಾರುವವರು ಕೂಗುತ್ತಾರಲ್ಲ, ಅದೇ ಧಾಟಿ. ನಾನು ಒಂದು ಸಲ ಹಾಗೇ ಕೂಗಿದೆ, ಎಲ್ಲ ಖುಷಿಪಟ್ಟರು.

ಆ ಒಂದೊಂದು ಡಾಲರಿನ ಪುಸ್ತಕಗಳ ದುಡ್ಡು ಎಲ್ಲಿಗೆ ಹೋಗುತ್ತದೆ? ಒಂದು ಪಾಲು ಕಮ್ಯುನಿಟಿ ಕಾಲೇಜಿಗೆ ವಾಪಸ್ ಬಂದು ಓದುತ್ತಿರುವ ಹೆಂಗಸರ ಸ್ಕಾಲರ್‌ಶಿಪ್ಪಿಗೆ. ಹೆಚ್ಚಿನವರು ಮಕ್ಕಳೊಂದಿಗರು, ಕೆಲವರು ಒಂಟಿ ತಾಯಂದಿರು. ಇನ್ನೊಂದು ಪಾಲು ಟೆಕ್ ಟ್ರೆಕ್ ಎಂಬ ಶಿಬಿರಕ್ಕೆ. 1998ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾದದ್ದು ಅದು. ಏಳನೇ ಕ್ಲಾಸು ಮುಗಿಸುವ ಹುಡುಗಿಯರು ಒಂದು ವಾರ ಕಾಲೇಜಿನ ಹಾಸ್ಟೆಲಿನಲ್ಲಿದ್ದು ವಿಜ್ಞಾನ, ಗಣಿತ, ಕೋಡಿಂಗ್ ಕಲಿಯುತ್ತಾರೆ. ಹೆಚ್ಚಿನ ಖರ್ಚು ಶಾಖೆಯದು. ಶಾಲೆಯ ಟೀಚರು ಹೆಸರು ಸೂಚಿಸುತ್ತಾರೆ, ಹುಡುಗಿ ಒಂದು ಪ್ರಬಂಧ ಬರೆಯುತ್ತಾಳೆ, ನಾವು ಸಂದರ್ಶನ ಮಾಡುತ್ತೇವೆ.

ಈ ಸಂದರ್ಶನ ಒಂದಕ್ಕಾದರೂ ನೀವು ಬರಬೇಕು. ಹನ್ನೆರಡು ವರ್ಷದ ಹುಡುಗಿ, ಕುರ್ಚಿಯಲ್ಲಿ ಕಾಲು ಅಲ್ಲಾಡಿಸುತ್ತಾ ಕೂತಿರುತ್ತಾಳೆ. 'ನಿನ್ನ ಶಾಲೆಯಲ್ಲಿ ಒಂದು ವಸ್ತು ರಿಪೇರಿ ಮಾಡು ಅಂದರೆ ಏನು ಮಾಡ್ತೀಯ?' ಅಂತ ಕೇಳುತ್ತೇವೆ. ಕೆಲವರು ಹವಾಮಾನ ಬದಲಾವಣೆ ಅಂತ ಶುರುಮಾಡುತ್ತಾರೆ, ಮನೆಯಲ್ಲಿ ಕಲಿಸಿ ಕಳಿಸಿದ್ದು ಗೊತ್ತಾಗುತ್ತದೆ. ಒಬ್ಬಳು ಮಾತ್ರ ಹುಡುಗಿಯರ ಟಾಯ್ಲೆಟ್ಟಿನ ಚಿಲಕ ಅಂದಳು. ಚಿಲಕದ ಕೊಂಡಿ ಯಾಕೆ ಕೂರುವುದಿಲ್ಲ, ಬಾಗಿಲು ಎಷ್ಟು ಇಳಿದಿದೆ, ಕೀಲಿನ ಯಾವ ಸ್ಕ್ರೂ ಬಿಗಿ ಮಾಡಬೇಕು, ಎಲ್ಲ ಬೆರಳಿನಲ್ಲಿ ಗಾಳಿಯಲ್ಲಿ ಬರೆದು ತೋರಿಸಿದಳು. ಅವಳ ಟೀಚರು ಬರೆದ ಪತ್ರದಲ್ಲಿ 'ಸ್ವಲ್ಪ ಮೌನಿ' ಅಂತಿತ್ತು. ಮೇಜಿನ ಈಚೆ ಕೂತ ನಮ್ಮಲ್ಲಿ ಯಾರೂ ಇಂಜಿನಿಯರ್ ಅಲ್ಲ. ಒಬ್ಬರು ಇತಿಹಾಸ ಕಲಿಸಿದವರು, ಒಬ್ಬರು ನರ್ಸ್, ನಾನು ಕಾಮರ್ಸ್. ಆ ಹುಡುಗಿಗೆ ತಿರುಗಿ ನಾಲ್ಕು ಪ್ರಶ್ನೆ ಕೇಳಬಲ್ಲ ಒಬ್ಬ ಮೆಕ್ಯಾನಿಕಲ್ ಬಿ.ಇ. ಅಲ್ಲಿ ಇರಬೇಕಿತ್ತು. ಅಂಥವರು ನಮ್ಮ ಊರಿನಲ್ಲೇ, ನನಗೆ ಗೊತ್ತಿರುವಂತೆಯೇ, ಮೂರ್ನಾಲ್ಕು ಮನೆಗಳಲ್ಲಿ ಇದ್ದಾರೆ.

ಚುನಾವಣೆ ಬಂದಾಗ ಅಭ್ಯರ್ಥಿಗಳನ್ನು ಒಂದೇ ವೇದಿಕೆಗೆ ಕರೆಸುವ ಕೆಲಸವೂ ಉಂಟು. ಶಾಲಾ ಮಂಡಳಿಗೆ, ನಗರ ಸಭೆಗೆ ನಿಂತವರನ್ನು ಕೂರಿಸಿ, ಜನ ಚೀಟಿಯಲ್ಲಿ ಬರೆದ ಪ್ರಶ್ನೆ ಓದುತ್ತೇವೆ. ಸಂಸ್ಥೆ ಯಾವ ಪಕ್ಷದ್ದೂ ಅಲ್ಲ, ಯಾವ ಅಭ್ಯರ್ಥಿಗೂ ಬೆಂಬಲ ಕೊಡುವುದಿಲ್ಲ. ಹೆಣ್ಣುಮಕ್ಕಳ ಓದು, ಸಮಾನ ಸಂಬಳದಂಥ ವಿಷಯಗಳಲ್ಲಿ ಮಾತ್ರ ದನಿ ಎತ್ತುತ್ತದೆ. 2009ರ ಜನವರಿಯಲ್ಲಿ ಲಿಲಿ ಲೆಡ್‌ಬೆಟರ್ ಸಮಾನ ಸಂಬಳ ಕಾಯ್ದೆಗೆ ಸಹಿ ಬೀಳುವ ಮುಂಚೆ ಅದಕ್ಕಾಗಿ ಒತ್ತಾಯಿಸಿದ ಸಂಸ್ಥೆಗಳಲ್ಲಿ ಇದೂ ಒಂದು. ನಮಗೆ ಮತ ಹಾಕುವ ಹಕ್ಕು ಇರದಿರಬಹುದು. ನಮ್ಮ ಮಕ್ಕಳ ಶಾಲೆಯ ಬಸ್ಸು, ಊಟ, ಗಣಿತದ ಪಾಠ ನಿರ್ಧರಿಸುವವರ ಎದುರು ಪ್ರಶ್ನೆಯ ಚೀಟಿ ಜೋಡಿಸಲು ಪಾಸ್‌ಪೋರ್ಟಿನ ಬಣ್ಣ ಯಾರೂ ಕೇಳುವುದಿಲ್ಲ.

ಇನ್ನು ಮುಂದಾಳುತನದ ಮಾತು. ಅಧ್ಯಕ್ಷೆ ಅಂದರೆ ಸನ್ಮಾನ ಮಾಡಿಸಿಕೊಂಡು ಶಾಲು ಹೊದ್ದು ಕೂರುವವರಲ್ಲ. ಜುಲೈ 1ಕ್ಕೆ ವರ್ಷ ಶುರು. ತಿಂಗಳಿಗೊಂದು ಕಾರ್ಯಕಾರಿ ಸಭೆ, ಒಂದು ಸುದ್ದಿಪತ್ರ, ಭಾಷಣಕ್ಕೆ ಯಾರನ್ನು ಕರೆಯಬೇಕು, ಹಾಲ್ ಬುಕ್ ಆಯಿತಾ, ಕಾಫಿ ಯಾರು ತರುತ್ತಾರೆ. ನಡುನಡುವೆ ಇಬ್ಬರು ಸದಸ್ಯೆಯರ ಮುನಿಸು ಬಿಡಿಸುವುದು. ನನ್ನ ಖಜಾಂಚಿ ಕೆಲಸದಲ್ಲಿ ಒಂದು ಮುಖ್ಯ ತಾರೀಕಿದೆ. ವರ್ಷಕ್ಕೆ 50,000 ಡಾಲರಿಗಿಂತ ಕಮ್ಮಿ ಆದಾಯದ ಸಂಘಗಳು ತೆರಿಗೆ ಇಲಾಖೆಗೆ 990-ಎನ್ ಎಂಬ ಪುಟ್ಟ ಫಾರಂ ಆನ್‌ಲೈನಿನಲ್ಲಿ ತುಂಬಬೇಕು. ನಮ್ಮ ವರ್ಷ ಜೂನ್‌ಗೆ ಮುಗಿಯುವುದರಿಂದ ನವೆಂಬರ್ 15 ಕಡೆಯ ದಿನ. ಐದೇ ನಿಮಿಷದ ಕೆಲಸ. ಮೂರು ವರ್ಷ ಸಾಲಾಗಿ ಮರೆತರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು. ಅಧ್ಯಕ್ಷೆ ಇಲ್ಲದ, ಕಾಗದಪತ್ರ ಯಾರ ಮನೆಯ ಅಟ್ಟದಲ್ಲಿದೆ ಅಂತಲೇ ಗೊತ್ತಿಲ್ಲದ ಸಂಘಗಳಿಗೆ ಆಗುವುದು ಇದೇ.

ಇಷ್ಟೆಲ್ಲ ನಿಮಗೆ ಬಾರದ ಕೆಲಸವೇ? ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಐನೂರು ಜನರ ಊಟ ನೋಡಿಕೊಂಡವರು ನೀವು. ಬಿಸಿಬೇಳೆಬಾತು ಸಾಲದೇ ಹೋದರೆ ಯಾವ ಹೋಟೆಲಿಗೆ ಫೋನ್ ಮಾಡಬೇಕು, ಮಕ್ಕಳ ನೃತ್ಯದ ಹಾಡು ಕಡೇ ಗಳಿಗೆಯಲ್ಲಿ ಸಿಗದಿದ್ದರೆ ಏನು ಮಾಡಬೇಕು, ಮುಖ್ಯ ಅತಿಥಿಯ ಭಾಷಣ ಹೇಗೆ ನಯವಾಗಿ ನಿಲ್ಲಿಸಬೇಕು, ಎಲ್ಲ ಗೊತ್ತು. ಭಾನುವಾರದ ಕನ್ನಡ ಶಾಲೆ ನಡೆಸುತ್ತೀರಿ. ಆದರೂ ಬೋರ್ಡಿನಲ್ಲಿ ಹೆಸರು ಬರುವಾಗ ಅಧ್ಯಕ್ಷರು ಯಾರೋ ಗಂಡಸರು, ನೀವು ಸಾಂಸ್ಕೃತಿಕ ಸಮಿತಿ. ಇದು ಎಲ್ಲ ಕೂಟಗಳ ಮಾತಲ್ಲ, ಮಹಿಳಾ ಅಧ್ಯಕ್ಷರಿರುವ ಕೂಟಗಳೂ ಇವೆ. ಆದರೂ ಎಷ್ಟು ಕಡೆ ನಿಜ ಅಂತ ನಿಮಗೇ ಗೊತ್ತಲ್ವಾ?

ಶಾಖೆ ಯಾರ ಕೈಯಲ್ಲಿದೆ ಅನ್ನುವುದು ಎಷ್ಟು ದೊಡ್ಡ ವಿಷಯ ಅನ್ನುವುದಕ್ಕೆ ಈ ಸಂಸ್ಥೆಯದೇ ಒಂದು ಕಥೆ ಇದೆ. ಹೆಮ್ಮೆಯ ಕಥೆ ಅಲ್ಲ, ಅದಕ್ಕೇ ಹೇಳುತ್ತೇನೆ.

ಮೇರಿ ಚರ್ಚ್ ಟೆರೆಲ್ ಕಪ್ಪು ಜನಾಂಗದ ಹೆಂಗಸು. 1884ರಲ್ಲಿ ಓಬರ್ಲಿನ್ ಕಾಲೇಜಿನಿಂದ ಪದವಿ ಪಡೆದವರು. ಟೀಚರು, ಭಾಷಣಗಾರ್ತಿ, ದೇಶಕ್ಕೆಲ್ಲ ಗೊತ್ತಿದ್ದ ಹೋರಾಟಗಾರ್ತಿ. ಹಿಂದೆ ಈ ಸಂಘದ ಸದಸ್ಯೆಯಾಗಿದ್ದವರು, ನಡುವೆ ಬಿಟ್ಟುಹೋಗಿತ್ತು. 1946ರಲ್ಲಿ, ಎಂಬತ್ತಮೂರನೇ ವಯಸ್ಸಿನಲ್ಲಿ, ವಾಷಿಂಗ್ಟನ್ ಶಾಖೆಗೆ ಮತ್ತೆ ಅರ್ಜಿ ಹಾಕಿದರು. ಶಾಖೆ ಬೇಡ ಅಂದಿತು. ಕಾರಣ ಬಣ್ಣ. ಸದಸ್ಯತ್ವಕ್ಕೆ ಪದವಿ ಒಂದೇ ಅರ್ಹತೆ, ಬೇರೇನೂ ನೋಡುವಂತಿಲ್ಲ ಅಂತ ರಾಷ್ಟ್ರೀಯ ಮಂಡಳಿ ಹೇಳಿತು. ಒಪ್ಪದಿದ್ದರೆ ಹೊರಹಾಕುತ್ತೇವೆ ಅಂದಿತು. ಶಾಖೆ ಕೋರ್ಟಿಗೆ ಹೋಯಿತು. ಹೋಗಿ ಗೆದ್ದಿತು! ಇರುವ ನಿಯಮಾವಳಿ ಪ್ರಕಾರ ಶಾಖೆಯನ್ನು ಹೊರಹಾಕುವ ಅಧಿಕಾರ ಮಂಡಳಿಗಿಲ್ಲ ಅಂದಿತು ಕೋರ್ಟು.

ಹಾಗಾದರೆ ನಿಯಮಾವಳಿಯನ್ನೇ ಬದಲಿಸೋಣ ಅಂತ ಸಂಸ್ಥೆ ಹೊರಟಿತು. 1949ರಲ್ಲಿ ಸಿಯಾಟಲ್‌ನ ಸಮ್ಮೇಳನದಲ್ಲಿ ಆ ತಿದ್ದುಪಡಿ ಭಾರೀ ಬಹುಮತದಿಂದ ಪಾಸಾಯಿತು. ಓಟು ಹಾಕಿದವರು ಯಾರು? ಊರೂರಿನ ಶಾಖೆಗಳಿಂದ ರೈಲು ಹತ್ತಿ ಬಂದಿದ್ದ ಪ್ರತಿನಿಧಿಗಳು. ವಾಷಿಂಗ್ಟನ್ ಶಾಖೆಯ ಬಹಳಷ್ಟು ಜನ ಸಿಟ್ಟಾಗಿ ಬೇರೆ ಕ್ಲಬ್ ಕಟ್ಟಿಕೊಂಡರು. ಹೊಸ ಶಾಖೆ ಶುರುವಾಯಿತು, ಟೆರೆಲ್ ಅದರ ಸದಸ್ಯೆಯಾದರು. ಆ ವಯಸ್ಸಿನಲ್ಲೂ ಅವರು ಸುಮ್ಮನಿರಲಿಲ್ಲ. ಕಪ್ಪು ಜನರಿಗೆ ಊಟ ಕೊಡದ ವಾಷಿಂಗ್ಟನ್ ಹೋಟೆಲುಗಳ ಮೇಲೆ ಹೋರಾಟಕ್ಕಿಳಿದರು. 1953ರಲ್ಲಿ ಸುಪ್ರೀಂ ಕೋರ್ಟು ಅವರ ಕಡೆ ತೀರ್ಪು ಕೊಟ್ಟಿತು. ಮರುವರ್ಷ ತೀರಿಕೊಂಡರು.

ಒಂದು ಊರಿನ ಶಾಖೆಯ ಪದಾಧಿಕಾರಿಗಳು ಬಾಗಿಲು ಮುಚ್ಚಿದರು, ಉಳಿದ ಊರುಗಳ ಶಾಖೆಗಳು ಸೇರಿ ಬಾಗಿಲು ತೆಗೆಸಿದವು. ಕಂದು ಬಣ್ಣದ ನಾನು ಇಂದು ಚೆಕ್ ಪುಸ್ತಕ ಹಿಡಿದು ಕೂತಿರುವುದು ಆ ಓಟಿನ ಫಲ. ಸಭೆಯ ಫೋಟೋದಲ್ಲಿ ಇನ್ನೂ ನಾನು ಬೇರೆ ಥರ ಕಾಣುತ್ತೇನೆ, ಅದು ನಿಜ. ಒಬ್ಬಳೇ ಇರುವುದರಿಂದ ಹಾಗೆ ಕಾಣುತ್ತದೆ.

ನಿಮ್ಮ ನೆಪಗಳೂ ನನಗೆ ಗೊತ್ತು. ವೀಸಾ ತೊಂದರೆ ಆಗುತ್ತಾ? ಇದು ಸಂಬಳವಿಲ್ಲದ ಸ್ವಯಂಸೇವೆ, ಇಲ್ಲಿ ಯಾವ ಪದಾಧಿಕಾರಿಗೂ ಕಾಸು ಸಿಗುವುದಿಲ್ಲ. ಅನುಮಾನ ಇದ್ದರೆ ವಕೀಲರನ್ನು ಒಂದು ಮಾತು ಕೇಳಿ. ಇಂಗ್ಲಿಷಿನ ಧಾಟಿ ಬೇರೆ ಅಂತ ಸಂಕೋಚವೇ? ಮೈಕ್ ಹಿಡಿದು ಎರಡು ಸಲ ಮಾತಾಡಿದರೆ ಅವರ ಕಿವಿ ಒಗ್ಗುತ್ತದೆ, ನಿಮ್ಮ ನಾಲಿಗೆ ಒಗ್ಗಬೇಕಾಗಿಲ್ಲ. ಚಂದಾ ರಾಷ್ಟ್ರ, ರಾಜ್ಯ, ಶಾಖೆ ಅಂತ ಮೂರು ಪಾಲಿನದು, ಊರಿಂದ ಊರಿಗೆ ಮೊತ್ತ ಬೇರೆ. ಒಂದು ಕುಟುಂಬ ಎರಡು ಸಲ ಹೊರಗೆ ಊಟ ಮಾಡುವಷ್ಟು ಅಂದುಕೊಳ್ಳಿ. 'ಅವರೆಲ್ಲ ವಯಸ್ಸಾದವರು' ಅನ್ನುವ ನೆಪ ಮಾತ್ರ ನನಗೆ ಸಿಟ್ಟು ತರಿಸುತ್ತದೆ. ಹೌದು, ವಯಸ್ಸಾದವರು. ಕಾಲೇಜು ಮುಗಿಸಿದ ಹೆಣ್ಣಿಗೆ ಟೀಚರು, ನರ್ಸ್, ಸೆಕ್ರೆಟರಿ ಬಿಟ್ಟು ಬೇರೆ ದಾರಿ ಕಮ್ಮಿ ಇದ್ದ ಕಾಲದಲ್ಲಿ ಓದಿದವರು. ಗಂಡನ ಸಹಿ ಇಲ್ಲದೆ ಕ್ರೆಡಿಟ್ ಕಾರ್ಡ್ ಸಿಗದ ದಿನಗಳನ್ನು ಕಂಡವರು. ಅದಕ್ಕೆ ತಡೆ ಹಾಕಿದ ಕಾನೂನು ಬಂದದ್ದೇ 1974ರಲ್ಲಿ. ಅವರ ಜೊತೆ ಶೆಡ್ಡಿನಲ್ಲಿ ಪುಸ್ತಕ ವಿಂಗಡಿಸುತ್ತಾ ಕೂತರೆ ಕೇಳಿಸಿಕೊಳ್ಳಲು ಬೇಕಾದಷ್ಟಿದೆ.

ಶಾಖೆಗಳ ಈಗಿನ ಹಿರಿಯರಿಗೂ ಎರಡು ಮಾತು ಇದೆ, ಅದನ್ನು ಇಂಗ್ಲಿಷಿನಲ್ಲಿ ಅವರಿಗೆ ಬೇರೆಯಾಗಿಯೇ ಹೇಳಿದ್ದೇನೆ. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟು, ಕೆಲಸಕ್ಕೆ ಹೋಗುವವರು ಬರುತ್ತಿಲ್ಲ ಅಂತ ಕೊರಗಿದರೆ ಹೇಗೆ? ಸಂಜೆ ಇಡಿ, ಮಕ್ಕಳನ್ನು ಕರೆತರಲು ಬಿಡಿ, ಜೂಮ್ ಹಾಕಿ. ಅಧ್ಯಕ್ಷೆ ಒಬ್ಬರೇ ಹೊರಬೇಕಾಗಿಲ್ಲ, ಇಬ್ಬರು ಸೇರಿ ಹೊರಬಹುದು. ಈಗ ಎಷ್ಟೋ ಶಾಖೆಗಳು ಸಹ-ಅಧ್ಯಕ್ಷೆಯರನ್ನು ಇಟ್ಟುಕೊಂಡಿವೆ. ಒಬ್ಬ ಹಿರಿಯಳು, ಒಬ್ಬ ಹೊಸಬಳು ಆದರೆ ಇನ್ನೂ ಚೆನ್ನ. ಕಾಗದ ಎಲ್ಲಿದೆ ಅಂತ ಒಬ್ಬಳಿಗೆ ಗೊತ್ತಿರುತ್ತದೆ, ಅದನ್ನು ಗೂಗಲ್ ಡ್ರೈವಿಗೆ ಏರಿಸುವುದು ಇನ್ನೊಬ್ಬಳಿಗೆ ಗೊತ್ತಿರುತ್ತದೆ.

ಇನ್ನೊಂದು, ಮರೆಯುವ ಮುಂಚೆ. ಊರಿನಲ್ಲಿರುವ ನಿಮ್ಮ ತಂಗಿಗೋ ಸೊಸೆಗೋ ಈ ಮಾತು ಮುಟ್ಟಿಸಿ. ಅಮೆರಿಕದ ಪ್ರಜೆಗಳಲ್ಲದ ಹೆಣ್ಣುಮಕ್ಕಳ ಉನ್ನತ ಓದಿಗೆ ಈ ಸಂಸ್ಥೆ 1917ರಿಂದ ಫೆಲೋಶಿಪ್ ಕೊಡುತ್ತಾ ಬಂದಿದೆ. ಮೈಸೂರಿನ ಮಹಾರಾಣಿ ಕಾಲೇಜಿನಲ್ಲೋ ಧಾರವಾಡದಲ್ಲೋ ಎಂ.ಎಸ್ಸಿ. ಮಾಡುತ್ತಿರುವ ಹುಡುಗಿಗೆ ಇದರ ಹೆಸರೇ ಗೊತ್ತಿರುವುದಿಲ್ಲ. ಈ ವರ್ಷದ ನಿಯಮ, ಕಡೆಯ ದಿನ ಸಂಸ್ಥೆಯ ವೆಬ್‌ಸೈಟಿನಲ್ಲೇ ನೋಡಿಕೊಳ್ಳಲಿ.

ನಾಮನಿರ್ದೇಶನ ಸಮಿತಿಗಳು ಸಾಮಾನ್ಯವಾಗಿ ಚಳಿಗಾಲ ಮುಗಿಯುವಾಗ ಹೆಸರು ಹುಡುಕಲು ಶುರುಮಾಡುತ್ತವೆ. ನಿಮ್ಮ ಊರಿನ ಶಾಖೆಗೆ ಅದಕ್ಕಿಂತ ಮುಂಚೆ ಒಂದು ಮೇಲ್ ಹಾಕಿ. ಮೊದಲ ವರ್ಷ ಟೆಕ್ ಟ್ರೆಕ್ ಸಮಿತಿಯೋ ಸುದ್ದಿಪತ್ರವೋ ಸಾಕು. ಎರಡನೇ ವರ್ಷ ಫೋನ್ ಬಂದೇ ಬರುತ್ತದೆ. 'ಯೋಚನೆ ಮಾಡಿ ಹೇಳ್ತೀನಿ' ಅನ್ನಬೇಡಿ, ಹೂಂ ಅನ್ನಿ. ಲೆಕ್ಕಪತ್ರದಲ್ಲಿ ಏನಾದರೂ ತೊಡಕಾದರೆ ಯಾವುದೇ ಶಾಖೆಯ ಖಜಾಂಚಿಯನ್ನು ಕೇಳಿ, ನಾವು ಸಂತೋಷವಾಗಿ ಗಂಟೆಗಟ್ಟಲೆ ಹೇಳುತ್ತೇವೆ. ಬೇರೆ ಯಾರೂ ನಮ್ಮನ್ನು ಅದನ್ನು ಕೇಳುವುದಿಲ್ಲ.

ಇಂತಿ ನಿಮ್ಮವಳು,
ಕ್ಯಾಲಿಫೋರ್ನಿಯಾದ ಒಂದು ಶಾಖೆಯ ಖಜಾಂಚಿ